ಹಾಡಿಗೆ ಕಾಟು ಹಾಕಿದ ಇಸೊಗಾಯ್

ಇಸೊಗಾಯ್ ತೊಕುಜಿಯವರು ಒಬ್ಬರ ಹಾಡನ್ನು ಇನ್ನೊಬ್ಬರಿಗೆ ಕೊಟ್ಟವರಲ್ಲ. ಪಟ್ಟಣ ಕಚೇರಿಯ ಕುಟುಂಬ ನೋಂದಣಿ ವಿಭಾಗದಲ್ಲಿ ಮೂವತ್ತಾರು ವರ್ಷ ಕುಳಿತು ನಿವೃತ್ತರಾದವರು ಅವರು. ಗುರುವಾರ ಮಧ್ಯಾಹ್ನ ನಮಿಯೆ ನಡೆಸುವ 'ಚಿದೊರಿ' ಕಾಫಿ ಅಂಗಡಿಯಲ್ಲಿ ಸೇರುತ್ತಿದ್ದ ನಮ್ಮ ಕರಾವೋಕೆ ಕೂಟಕ್ಕೂ ಗುಮಾಸ್ತರ ಕಪ್ಪು ತೋಳುಗವಸುಗಳನ್ನು ಮೊಣಕೈವರೆಗೆ ಏರಿಸಿಕೊಂಡೇ ಬರುತ್ತಿದ್ದರು. ಆಗತಾನೆ ಒರೆಸಿದ ನೆಲದ ಮೇಲೆ ನಡೆಯುವವರಂತೆ ಹಿಮ್ಮಡಿ ಸದ್ದಾಗದ ನಡಿಗೆ. ಮೇಜುಗಳ ನಡುವೆ ತಿರುಗುವಾಗಲೂ ಕಚೇರಿಯ ಓಣಿಯಲ್ಲಿ ತಿರುಗಿದಂತೆ ನೇರ ಮೂಲೆಗೆ ಬಂದು ತಿರುಗುವುದು. ಏನು ಕೇಳಿದರೂ ಒಂದೇ ಮಾತು.

"ಸಕ್ಕರೆ ಹಾಕ್ಲಾ, ಇಸೊಗಾಯ್ ಸಾನ್?" ಎಂದು ನಮಿಯೆ ಗೌರವದ 'ಸಾನ್' ಸೇರಿಸಿ ಕೇಳಿದರೆ, "ಪರಿಶೀಲಿಸಬೇಕಾಗುತ್ತೆ."

ನಮ್ಮದು ಹಾಡುಗಳ ಹೆಸರಿನ ಅಂತ್ಯಾಕ್ಷರಿ. ಒಬ್ಬರು ಹಾಡಿದ ಹಾಡಿನ ಹೆಸರು ಯಾವ ಅಕ್ಷರಕ್ಕೆ ಮುಗಿಯುತ್ತದೋ ಆ ಅಕ್ಷರದಿಂದ ಶುರುವಾಗುವ ಹಾಡನ್ನು ಮುಂದಿನವರು ಹಾಡಬೇಕು. ಹಾಡನ್ನು ಆರಿಸುವ ಕೆಲಸ ಮಾತ್ರ ಹಾಡುವವರದಲ್ಲ, ಇಸೊಗಾಯ್ ಅವರದು. ಕಂದು ರಟ್ಟಿನ ಒಂದು ದಫ್ತರದಲ್ಲಿ ಎಲ್ಲರ ಹೆಸರಿಗೂ ಒಂದೊಂದು ಪುಟ, ಪುಟದ ತಲೆಯಲ್ಲಿ ಅವರವರು ಮೆಚ್ಚಿ ತಮ್ಮದಾಗಿಸಿಕೊಂಡ ಸ್ವಂತ ಹಾಡು, ಕೆಳಗೆ ಅಕ್ಷರವಾರು ಉಳಿದ ಹಾಡುಗಳು. ಹೊಸ ಹಲ್ಲು ಕಟ್ಟಿಸಿಕೊಂಡವರಿಗೆ ಬಾಯಿ ತುಂಬ ತೆರೆಯಬೇಕಾಗದ ಹಾಡು ಸಿಗುತ್ತಿತ್ತು. ಬೆಳಿಗ್ಗೆ ಸೊಸೆಯ ಜೊತೆ ಜಗಳವಾಡಿಕೊಂಡು ಬಂದವರಿಗೆ ಆ ದಿನ ತಾಯಿಯ ಹಾಡು ಇಲ್ಲ. ಗಂಡನನ್ನು ಸಮುದ್ರಕ್ಕೆ ಕೊಟ್ಟ ಒಬ್ಬ ಹೆಂಗಸಿಗೆ, ಹತ್ತರಲ್ಲಿ ಒಂಬತ್ತು ಹಾಡು ಸಮುದ್ರದ್ದೇ ಆಗಿರುವ ಈ ಬಂದರಿನಲ್ಲಿ, ಅವರು ಹನ್ನೊಂದು ವರ್ಷ ಬರೀ ಬೆಟ್ಟದ ಹಾಡುಗಳನ್ನೇ ಹುಡುಕಿ ಕೊಟ್ಟರು. ಆಕೆಗೆ ಅದು ಗೊತ್ತಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಒಬ್ಬರ ಸ್ವಂತ ಹಾಡನ್ನು ಮತ್ತೊಬ್ಬರು ಹಾಡುವುದಿಲ್ಲ ಎಂಬುದು ನಮ್ಮ ಕಡೆಯ ಎಲ್ಲ ಕೂಟಗಳ ಮರ್ಯಾದೆ. ಅವರು ತೀರಿಕೊಂಡರೆ ಆ ಹಾಡೂ ಅವರೊಡನೆ ಹೋಯಿತು. ಹಳೆಯ ಕಾಗದದ ನೋಂದಣಿಯಲ್ಲಿ ಸತ್ತವರ ಹೆಸರಿಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ಕಾಟು ಹಾಕುತ್ತಿದ್ದರಲ್ಲ, ಇಸೊಗಾಯ್ ಹಾಡಿಗೂ ಹಾಗೆಯೇ, ಅಳತೆಪಟ್ಟಿ ಇಟ್ಟು, ಕೆಂಪು ಶಾಯಿಯಲ್ಲಿ ಕಾಟು ಹಾಕುತ್ತಿದ್ದರು. ಹೀಗೆ ವರ್ಷ ವರ್ಷಕ್ಕೆ ನಮ್ಮ ಆಟ ಸವೆಯಿತು. "ಈ ಅಕ್ಷರಕ್ಕೆ ಹಾಡಿಲ್ಲ, ಮುಂದಕ್ಕೆ ಹೋಗೋಣ" ಎಂಬ ಅವರ ಮಾತು ಮೊದಲು ತಿಂಗಳಿಗೊಮ್ಮೆ ಕೇಳುತ್ತಿತ್ತು, ಆಮೇಲೆ ಪ್ರತಿ ಕೂಟದಲ್ಲೂ ಎರಡು ಸಲ.

ನಾನು ಹೊಸದಾಗಿ ಸೇರಿದಾಗ, ಐವತ್ತೆಂಟರ ನಾನೇ ಅಲ್ಲಿ ಎಳೆಯವನು, ತಿಳಿಯದೆ ಸುಗಿನೊ ಕಿನುಯೊ ಅವರ ಹಾಡನ್ನು ಯಂತ್ರದಲ್ಲಿ ಒತ್ತಿಬಿಟ್ಟಿದ್ದೆ. ಹಿಮ ಬೀಳುವ ಬಂದರಿನಲ್ಲಿ ದೋಣಿ ಕಾಯುವ ಹೆಂಗಸಿನ ಹಾಡು ಅದು. ಆರಂಭದ ವಾದ್ಯ ಮುಗಿಯುವ ಮೊದಲೇ ಇಸೊಗಾಯ್ ಎದ್ದು ನಿಲ್ಲಿಸಿದರು.

"ಅದು ಸುಗಿನೊ ಅವರದು."

"ಬಿಡ್ರೀ, ಹಾಡ್ಲಿ ಪಾಪ, ಹುಡುಗ!" ಎಂದು ಕಿನುಯೊ ನಕ್ಕರು. "ನಾನೇನು ಗುತ್ತಿಗೆ ಹಿಡಿದಿದೀನಾ?"

"ಹಿಡಿದಿದೀರಿ. ಹತ್ತೊಂಬತ್ತು ವರ್ಷದಿಂದ."

ಕಿನುಯೊ ಮೀನುಪೇಟೆಯ ಬೀದಿಯಲ್ಲಿ ಕ್ಷೌರದಂಗಡಿ ನಡೆಸಿದ ವಿಧವೆ. ಕತ್ತರಿಯಷ್ಟೇ ಹರಿತವಾದ ನಾಲಗೆ. ಇಸೊಗಾಯ್ ಹೆಂಡತಿಯನ್ನು ಕಳೆದುಕೊಂಡ ಮೇಲೆ ಪ್ರತಿ ತಿಂಗಳ ಮೊದಲ ಮಂಗಳವಾರ ಕಿನುಯೊ ಅವರ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಿದ್ದರು. "ಈ ತಲೇಲಿ ಕತ್ತರಿಸೋಕೆ ಇನ್ನೇನು ಉಳಿದಿದೆ ಅಂತ ಬರ್ತಾರೋ!" ಎಂದು ಕಿನುಯೊ ನಮ್ಮೆದುರೇ ಛೇಡಿಸಿದರೆ, ಈ ಮನುಷ್ಯ ಕಿವಿವರೆಗೆ ಕೆಂಪಾಗಿ ದಫ್ತರದ ಪುಟ ತಿರುವುತ್ತಿದ್ದರು. ಇವರಿಬ್ಬರ ನಡುವೆ ಇದ್ದದ್ದು ಇಷ್ಟೇ. ಇಷ್ಟಕ್ಕೆ ಏನು ಹೆಸರಿಡಬೇಕೋ ನನಗೆ ತಿಳಿಯದು.

ಜನವರಿಯಲ್ಲಿ ಕಿನುಯೊ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಇಸೊಗಾಯ್ ಒಬ್ಬರೇ ಬಸ್ಸು ಹತ್ತಿ ನಗರದ ಆಸ್ಪತ್ರೆಗೆ ಹೋಗಿ ಬಂದರು. ಮರುವಾರ ಕೂಟದಲ್ಲಿ ದಫ್ತರ ತೆರೆದು, ಅಳತೆಪಟ್ಟಿ ಇಟ್ಟು, ಕಿನುಯೊ ಪುಟದ ಮೊದಲ ಸಾಲಿಗೆ ಕೆಂಪು ಕಾಟು ಎಳೆದರು. ನಾವೆಲ್ಲ ನೋಡಿದೆವು, ಒಬ್ಬರೂ ಬಾಯಿ ಬಿಡಲಿಲ್ಲ. ನಮ್ಮ ಪಾಪವೂ ಅದರಲ್ಲಿದೆ.

ಮನೆಗೆ ಮರಳುವಾಗ ನಾನು ತಡೆಯಲಾರದೆ, "ಇನ್ನೂ ಇದಾರಲ್ಲ, ಇಸೊಗಾಯ್ ಸಾನ್" ಎಂದೆ.

"ನನ್ನ ಹೆಸರು ಹೇಳೋಕೆ ಮೂರು ಸಲ ಪ್ರಯತ್ನಪಟ್ಟರು," ಎಂದರು. ಸ್ವಲ್ಪ ದೂರ ನಡೆದ ಮೇಲೆ, "ದನಿ ಇಲ್ಲ. ಇಲ್ಲದ್ದನ್ನ ಇದೆ ಅಂತ ಬರೆದಿಟ್ಟುಕೊಳ್ಳೋದು ಹೇಗೆ?"

ಯಾರೂ ಎಣಿಸದಿದ್ದುದು ಏಪ್ರಿಲ್‌ನಲ್ಲಿ ನಡೆಯಿತು. ಸೊಸೆ ಚಿಸಾತೊ ಗಾಲಿಕುರ್ಚಿ ತಳ್ಳಿಕೊಂಡು ಕಿನುಯೊ ಅವರನ್ನು ಕೂಟಕ್ಕೆ ಕರೆತಂದಳು. "ಡಾಕ್ಟ್ರು ಹೇಳಿದಾರೆ, ಮಾತು ಬರದೆ ಇದ್ರೂ ಹಾಡು ಬರಬಹುದಂತೆ. ಅತ್ತೆ ಗುರುವಾರ ಯಾವಾಗ ಅಂತ ಕ್ಯಾಲೆಂಡರು ತೋರಿಸ್ತಾನೇ ಇದ್ರು" ಎಂದಳು. ನಮಿಯೆ ಕಣ್ಣೊರೆಸಿಕೊಂಡು ಕೆಂಪು ಕಾಳಿನ ಸಿಹಿಹೂರಣದ ಕಡುಬು ತಂದಿಟ್ಟಳು. ಆಟ ಶುರುವಾಯಿತು. ಐದನೆಯ ಹಾಡಿಗೆ ಬಂದ ಅಕ್ಷರ 'ಮಿ'. ಕಿನುಯೊ ಅವರ ಹಾಡಿನ ಅಕ್ಷರ. ಕಿನುಯೊ ಎಡಗೈಯಲ್ಲಿ ಮೈಕನ್ನು ಆಗಲೇ ಎತ್ತಿಕೊಂಡಿದ್ದರು.

ಇಸೊಗಾಯ್ ದಫ್ತರ ನೋಡಿದರು. ದಫ್ತರದಲ್ಲಿ ಕಾಟು ಇತ್ತು. ಮೂವತ್ತಾರು ವರ್ಷದ ಕಚೇರಿಯ ಅಭ್ಯಾಸ ಅವರ ಬಾಯಿಂದ ತಾನೇ ಹೊರಬಿತ್ತು: "ಈ ಅಕ್ಷರಕ್ಕೆ ಹಾಡಿಲ್ಲ, ಮುಂದಕ್ಕೆ ಹೋಗೋಣ."

ಕಿನುಯೊ ಮೈಕನ್ನು ಕೆಳಗಿಟ್ಟು, ಕೈಚಾಚಿ ದಫ್ತರ ಕೇಳಿದರು. ತನ್ನ ದಾಖಲೆ ನೋಡಬಯಸಿದವರಿಗೆ ಇಲ್ಲವೆನ್ನುವ ಅಧಿಕಾರ ಗುಮಾಸ್ತನಿಗೆ ಇಲ್ಲ. ಇಸೊಗಾಯ್ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅತ್ತೆಯ ಭುಜದ ಮೇಲಿಂದ ಬಗ್ಗಿ ನೋಡಿದ ಚಿಸಾತೊ ಆ ಕೆಂಪು ಕಾಟಿನ ಮೇಲೆ ಬೆರಳಿಟ್ಟಳು.

"ಇದೇನ್ರೀ ಇದು! ಅತ್ತೆ ನಿಮ್ಮೆದುರಿಗೇ ಕೂತಿದಾರಲ್ರೀ!"

ಆ ದಿನ ಯಾರೂ ಹಾಡಲಿಲ್ಲ.

ಮಾರನೆಯ ಬೆಳಿಗ್ಗೆ ಇಸೊಗಾಯ್ ನನ್ನನ್ನು ಜೊತೆಗೆ ಕರೆದುಕೊಂಡು ಕಿನುಯೊ ಅವರ ಮನೆಗೆ ಹೋದರು. ದಾಖಲೆಯಲ್ಲಿ ಅಳಿಸುವಂತಿಲ್ಲ, ತಿದ್ದಬಹುದು. ಕಾಟಿನ ಮೇಲೆ ಅಡ್ಡಲಾಗಿ ಜೋಡಿ ಗೆರೆ ಎಳೆದು, ಅಂಚಿನಲ್ಲಿ 'ತಪ್ಪು ನಮೂದು, ರದ್ದುಪಡಿಸಿದೆ' ಎಂದು ಬರೆದು, ಅದರ ಮೇಲೆ ತಮ್ಮ ಮುದ್ರೆ ಒತ್ತಿದ್ದರು. ಚಾಪೆಯ ಮೇಲೆ ಹಣೆ ತಾಗುವಷ್ಟು ಬಾಗಿ, ಪುಟ ತೆರೆದು ಮುಂದಿಟ್ಟರು. ಬಾಯಿಂದ ಒಂದು ಮಾತು ಬರಲಿಲ್ಲ. ಬರಲಿ ಎಂದು ನಾನು ಕಾದೆ. ಕಿನುಯೊ ಕೂಡ ಕಾದರು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಮೇಲೆ ಕಿನುಯೊ ಎಡಗೈಯಿಂದ ಒಂದೊಂದೇ ಪುಟ ಮಗುಚಿ, ಇಸೊಗಾಯ್ ಅವರದೇ ಪುಟಕ್ಕೆ ಬಂದು, ಪೆನ್ಸಿಲು ತೆಗೆದುಕೊಂಡು, ಮೊದಲ ಸಾಲಿನಲ್ಲಿದ್ದ ಅವರ ಸ್ವಂತ ಹಾಡಿನ ಮೇಲೆ ಮೂಲೆಯಿಂದ ಮೂಲೆಗೆ ನಡುಗುವ ಎರಡು ಗೆರೆ ಎಳೆದರು.

"ಅಯ್ಯೋ ಅತ್ತೆ, ಏನು ತಮಾಷೆ ಇದು!" ಎಂದು ಚಿಸಾತೊ ಗಾಬರಿಯಿಂದ ನಕ್ಕಳು. ಕಿನುಯೊ ಅವರ ಮುಖದ ಒಂದು ಪಕ್ಕ ಮೇಲೆದ್ದಿತು. ಅದು ನಗುವೋ ಸಿಟ್ಟೋ ತಿಳಿಯಲು ಇನ್ನೊಂದು ಪಕ್ಕವೂ ಬೇಕಿತ್ತು, ಅದು ಅಲುಗುತ್ತಿರಲಿಲ್ಲ.

ಇಸೊಗಾಯ್ ಅದನ್ನು ತಮಾಷೆ ಎಂದು ತಿಳಿಯಲಿಲ್ಲ. ಮುಂದಿನ ಗುರುವಾರಗಳಲ್ಲಿ ಅವರು ಎಲ್ಲರಿಗೂ ಹಾಡು ಆರಿಸಿ ಕೊಟ್ಟರು. ತಮ್ಮ ಅಕ್ಷರ ಬಂದಾಗ "ಹಾಡಿಲ್ಲ, ಮುಂದಕ್ಕೆ ಹೋಗೋಣ" ಎಂದರು. ಕಿನುಯೊ ತಪ್ಪದೆ ಬಂದರು. ಅವರ ಪುಟ ತಿದ್ದಿ ಆಗಿತ್ತು, ಮೈಕನ್ನು ಕೈಗೂ ಕೊಟ್ಟೆವು, ಆದರೆ ಅವರು ಅದನ್ನು ಮಡಿಲಲ್ಲಿಟ್ಟುಕೊಂಡು ಇಸೊಗಾಯ್ ಕಡೆ ನೋಡುತ್ತ ಕೂರುತ್ತಿದ್ದರು.

"ಕೇಳಿಬಿಡಿ," ಎಂದು ನಾನು ಒತ್ತಾಯಿಸಿದೆ. "ಕಾಟು ತೆಗೀರಿ ಅಂತ ಒಂದು ಮಾತು. ಅವರು ಅದಕ್ಕೇ ಬರ್ತಿದಾರೆ."

"ಪರಿಶೀಲಿಸಬೇಕಾಗುತ್ತೆ."

ಪರಿಶೀಲನೆ ಮುಗಿಯುವ ಮೊದಲೇ ಮುಂಗಾರು ಬಂತು, ಎರಡನೆಯ ಆಘಾತವೂ ಬಂತು. ಕಿನುಯೊ ಅವರನ್ನು ದಹನಕ್ಕೆ ಕೊಟ್ಟ ವಾರದ ಗುರುವಾರ ಇಸೊಗಾಯ್ ದಫ್ತರ ತೆರೆದು ಆ ಪುಟದ ಮೇಲೆ ಅಳತೆಪಟ್ಟಿ ಇಟ್ಟರು, ಕೆಂಪು ಪೆನ್ನಿನ ಮುಚ್ಚಳ ತೆಗೆದರು, ಗೆರೆ ಎಳೆಯದೆಯೇ ಮುಚ್ಚಳ ಹಾಕಿದರು. ಈಗ ಆ ದಫ್ತರದಲ್ಲಿ ಸತ್ತ ಒಬ್ಬರ ಹಾಡು ನೆಟ್ಟಗಿದೆ, ಬದುಕಿರುವ ಒಬ್ಬರ ಹಾಡಿಗೆ ಕಾಟು ಬಿದ್ದಿದೆ. ಎಳೆದ ಕೈಯೇ ಅದನ್ನು ರದ್ದುಪಡಿಸಬೇಕು ಎಂಬುದು ಅವರ ನಿಯಮ.

ಇಂಥವರು ಎಲ್ಲ ಊರಿನ ಕಚೇರಿಗಳಲ್ಲೂ ಇರುತ್ತಾರೆ. ಪರರ ಹುಟ್ಟು, ಮದುವೆ, ಮರಣಗಳನ್ನು ಒಂದಕ್ಷರ ಹೆಚ್ಚುಕಡಿಮೆಯಾಗದಂತೆ ಜೀವಮಾನವಿಡೀ ಕಾಯುತ್ತಾರೆ. ಅವರ ಪ್ರೀತಿಗೆ ನಿಯಮದ ಹೊರತು ಬೇರೆ ಭಾಷೆ ಬಾರದು. ನೋಯಿಸುವಾಗಲೂ ಅದೇ ಭಾಷೆ, ಬೇಯುವಾಗಲೂ ಅದೇ. ಕ್ಷಮೆ ಎಂಬುದು ನಮೂನೆಯಿಲ್ಲದ ಅರ್ಜಿ, ಬರಿಗೈಯಲ್ಲಿ ಬಂದು ಬಾಯಿಬಿಟ್ಟು ಕೇಳಬೇಕಾದದ್ದು. ಸಾವಿರಾರು ಜನರನ್ನು ಸಾಲಿನಲ್ಲಿ ನಿಲ್ಲಿಸಿದವರಿಗೆ, ಆ ಒಂದು ಕಿಂಡಿಯೆದುರು ತಾವೇ ಹೋಗಿ ನಿಲ್ಲುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಕಲಿಯುವಷ್ಟರಲ್ಲಿ ಕಿಂಡಿ ಮುಚ್ಚಿರುತ್ತದೆ.