ಜಡೆ ಹಿಡಿದ ಕೈ

ಗಂಡನ ಅಂತ್ಯಕ್ರಿಯೆಗೆ ಬಂದ ನೆಂಟರಲ್ಲಿ ಕೊನೆಗೆ ಉಳಿದವಳು ನಾದಿನಿ. ಬೆಳಿಗ್ಗೆ ಏಳೂವರೆಯ ಬಸ್ಸಿಗೆ ಅವಳನ್ನು ಹತ್ತಿಸಿ ಬಂದು, ಮೇಷ್ಟರಾಗಿದ್ದ ಗಂಡನ ಶಾಲೆಯ ಚೀಲ ತೆರೆದೆ. ತೊಳೆಯದ ಊಟದ ಡಬ್ಬಿ. ಅದರ ಕೆಳಗೆ, ಏಳನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ಕು.

ಓದಲು ತಿಣುಕುವ ಮಕ್ಕಳು ಅವರ ಪಾಲಿಗೆ ಬರುತ್ತಿದ್ದರು. ಭೂಕಂಪ, ಬಿರುಗಾಳಿ, ನೆರೆಯಲ್ಲಿ ಬದುಕಿ ಉಳಿದವರ ಕಥೆ ಹೇಳುವರು. ಇನ್ನೇನು ಪ್ರಾಣ ಹೋಯಿತು ಎನ್ನುವಲ್ಲಿ ನಿಲ್ಲಿಸುವರು. ಕೇಳಿದಷ್ಟನ್ನು ಬರೆದು ತಂದು ಗಟ್ಟಿಯಾಗಿ ಓದಿದವರಿಗೆ ಮಾತ್ರ ಮುಂದಿನ ಭಾಗ.

ಈ ಕಥೆಯಲ್ಲಿ ಎಂಟು ವರ್ಷದ ಹುಡುಗ ನೆರೆಯ ನಡುವೆ ಒಂದು ಕೈಯಲ್ಲಿ ಮರ ತಬ್ಬಿಕೊಂಡಿದ್ದಾನೆ. ಇನ್ನೊಂದು ಕೈಯಲ್ಲಿ ತಂಗಿಯ ಜಡೆ. 'ಕೈ ಜಾರುತ್ತಿದೆ' ಎಂಬಲ್ಲಿಗೆ ನಿಂತಿದೆ. ಕೆಳಗೆ ಕೆಂಪು ಶಾಯಿಯಲ್ಲಿ ಅವರ ಅಕ್ಷರ: 'ಆ ಹುಡುಗ ನಾನೇ. ಚೆನ್ನಾಗಿ ಬರೆದಿದ್ದೀಯ.'

ಐದು ವರ್ಷದ ಸಂಸಾರದಲ್ಲಿ ನನಗೆ ಹೇಳಿದ್ದು, "ನಂಗೆ ನೀರು ಆಗಲ್ಲ," ಅಷ್ಟೇ.

ಹೊಟ್ಟೆಕಿಚ್ಚು ಸಾವಿನ ಮನೆಗೂ ಬರುತ್ತದೆಂದು ಗೊತ್ತಿರಲಿಲ್ಲ. ಪ್ರತಿ ಮಾಡಿಕೊಳ್ಳಬಹುದಿತ್ತು. ನನಗೆ ಪ್ರತಿ ಬೇಕಿರಲಿಲ್ಲ. ಆ ಹುಡುಗಿಯ ಹತ್ತಿರ ಅದು ಇರಬಾರದಿತ್ತು. ನನ್ನ ಕೈಚೀಲದ ತಳಕ್ಕೆ ತುರುಕಿಕೊಂಡು, ತರಗತಿಯ ಬೀಗದ ಕೈ ಕೊಡಲು ಶಾಲೆಗೆ ಹೋದೆ.

ಜಗಲಿಯಲ್ಲಿ ಇಬ್ಬರು ಹುಡುಗಿಯರು ಅಡ್ಡ ಬಂದರು.

"ಮೇಡಂ, ನನ್ ನೋಟ್‌ಬುಕ್ಕು... ಸರ್ ಒಂದ್ ದಿನಕ್ಕೆ ಅಂತ ಮತ್ತೆ ಇಸ್ಕೊಂಡಿದ್ರು," ಎಂದಳು ಕನ್ನಡಕದವಳು.

"ಯಾವ ನೋಟ್‌ಬುಕ್ಕು?" ಎಂದೆ.

"ಬಿಡೇ, ಇನ್ನೊಂದ್ ಸಲ ಬರಿ," ಎಂದಳು ಗೆಳತಿ. "ಬಾಯಿಪಾಠ ಮಾಡಿ ನಮ್ ತಲೆ ತಿಂದಿದ್ದು ಸಾಲ್ದಾ?"

"ಸರ್ ಅಕ್ಷರ ಅದ್ರಲ್ಲೇ ಇರೋದು ಕಣೇ." ಮತ್ತೆ ನನ್ನತ್ತ ತಿರುಗಿದಳು. "ತಂಗಿ ಬದುಕಿದ್ಲಾ ಮೇಡಂ? ನಿಮ್ಗೆ ಗೊತ್ತಿರತ್ತೆ. ಮನೇಲಿ ಎಲ್ಲಾ ಹೇಳಿರ್ತಾರೆ."

ಆ 'ಎಲ್ಲಾ' ಚುಚ್ಚಿತು. ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ.

ಗಂಡನಿಗೆ ಇದ್ದದ್ದು ಒಬ್ಬಳೇ ತಂಗಿ. ಬೆಳಿಗ್ಗೆ ಬಸ್ಸಿನ ಕಿಟಕಿಯಲ್ಲಿ ಕಂಡ ಅವಳ ತಲೆ ಕಣ್ಣಿಗೆ ಬಂತು. ಗಿಡ್ಡ ಕೂದಲು. ನಮ್ಮ ಮದುವೆಯ ದಿನವೂ ಜಡೆಯಷ್ಟು ಬಿಟ್ಟಿರಲಿಲ್ಲ. ನಾನೇ ತಮಾಷೆ ಮಾಡಿದ್ದೆ.

ಮುಂದಿನ ಭಾಗ ನನ್ನ ಹತ್ತಿರವಿತ್ತು. ಈ ಶಾಲೆಯಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ.

ನೋಟ್‌ಬುಕ್ಕನ್ನು ಹೊರತೆಗೆದು ಕನ್ನಡಕದವಳ ಮುಂದೆ ಹಿಡಿದೆ. ಬಿಡಲಿಲ್ಲ.

"ಮೊದ್ಲು ಓದು."

ಅವಳು ಇನ್ನೊಂದು ಅಂಚು ಹಿಡಿದು ಓದಿದಳು. ಎರಡು ಕಡೆ ತಡವರಿಸಿ, ಹಿಂದಕ್ಕೆ ಹೋಗಿ, ಮತ್ತೆ ಓದಿದಳು. 'ಕೈ ಜಾರುತ್ತಿದೆ' ಎಂಬಲ್ಲಿ ನಿಂತು ನನ್ನ ಮುಖ ನೋಡಿದಳು.

"ಬದುಕಿದ್ಲು," ಎಂದೆ. "ಇವತ್ತು ಬೆಳಗ್ಗೆ ನಾನೇ ಬಸ್ ಹತ್ತಿಸ್ದೆ."

ನನ್ನ ಕಡೆಯ ಅಂಚನ್ನು ಬಿಟ್ಟೆ.