ಪಾದದ ಮೇಲೆ ಬಂದ ಚೌಕ

ನಮ್ಮ ಅಕ್ಕ ವಿಶಾಲಾಕ್ಷಮ್ಮನಿಗೆ ಎಂಬತ್ತನಾಲ್ಕು ವರ್ಷ. ಮೂರು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಆಕೆ ಚಾಮರಾಜಪೇಟೆಯ ನಮ್ಮ ಮನೆಯ ಹೊಸ್ತಿಲು ದಾಟಿಲ್ಲ. ಕಾಲು ನಿಂತಿತು, ಬಾಯಿ ನಿಲ್ಲಲಿಲ್ಲ. ಆಸ್ಪತ್ರೆಯಿಂದ ಬಂದ ಮರುದಿನವೇ ಒಂದು ವ್ರತ ಹಿಡಿದಳು. ಕೋಲಾರದ ಕಡೆಯ ಒಂದು ಸಣ್ಣ ಗುಡ್ಡದ ಮೇಲಿರುವ ನರಸಿಂಹಸ್ವಾಮಿ ನಮ್ಮ ಮನೆದೇವರು. ದಿನವೂ ಸ್ವಾಮಿಯ ಪಾದ ಕಂಡ ಮೇಲೆಯೇ ಕಾಫಿ, ತಿಂಡಿ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಆರೂವರೆಗೆ ಒಂದು ಉದ್ಧರಣೆ ತೀರ್ಥದಲ್ಲಿ ನುಂಗುತ್ತಾಳೆ. ಔಷಧಿಗೂ ತೀರ್ಥಕ್ಕೂ ದೋಷವಿಲ್ಲವೆಂಬುದು ಆಕೆಯದೇ ತೀರ್ಮಾನ.

ಹಾಸಿಗೆ ಬಿಟ್ಟು ಕುರ್ಚಿಗೆ ಬರಲು ಕಷ್ಟಪಡುವವಳು ಗುಡ್ಡ ಹತ್ತುವುದು ಹೇಗೆ? ಕೊರೋನಾ ಬಂದ ವರ್ಷದಿಂದ ದೇವಸ್ಥಾನದವರು ಬೆಳಗಿನ ಪೂಜೆಯನ್ನು ಇಂಟರ್‌ನೆಟ್ಟಿನಲ್ಲಿ ನೇರವಾಗಿ ತೋರಿಸುತ್ತಿದ್ದಾರೆ. ಆರೂ ನಲವತ್ತಕ್ಕೆ ತೆರೆ ಸರಿಯುತ್ತದೆ. ಅರ್ಚಕರು ಮೊದಲು ಪಾದದ ಬಳಿ ಆರತಿ ಹಿಡಿಯುತ್ತಾರೆ. ಅಲ್ಲಿಂದ ಮೆಲ್ಲಗೆ ಮೇಲೇರಿಸಿ ಕೊನೆಗೆ ಮುಖಕ್ಕೆ ತರುತ್ತಾರೆ. ಎಲ್ಲ ಸೇರಿ ನಾಲ್ಕು ನಿಮಿಷ. ಅದು ತಪ್ಪಿದರೆ ಮತ್ತೆ ಮಧ್ಯಾಹ್ನ ಹನ್ನೆರಡಕ್ಕೇ.

ನನ್ನ ಹೆಂಡತಿ ಪಾರ್ವತಮ್ಮ ಕಳೆದ ಮಾಘಮಾಸದಲ್ಲಿ ಸ್ವಾಮಿಯ ಪಾದ ಸೇರಿದಳು. ಐವತ್ತೊಂದು ವರ್ಷ ಜೊತೆಗಿದ್ದವಳು ಮೂರು ದಿನದ ಜ್ವರಕ್ಕೆ ಹೊರಟುಬಿಟ್ಟಳು. ಅದನ್ನು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಬರೆಯಲು ಹೊರಟರೆ ಟಿ.ವಿ.ಯ ಸಂಗತಿ ಹಿಂದೆ ಬೀಳುತ್ತದೆ.

ಸೂತಕದ ದಿನಗಳಲ್ಲಿ ಟಿ.ವಿ. ಮುಚ್ಚಿತ್ತು, ಅಕ್ಕನ ವ್ರತಕ್ಕೂ ರಜೆ ಇತ್ತು. ಹದಿನಾಲ್ಕನೆಯ ದಿನ ಆರೂ ಮೂವತ್ತೈದಕ್ಕೆ ನಾನೇ ಟಿ.ವಿ. ಹಾಕಿದೆ. ದೇವಸ್ಥಾನದ ಘಂಟೆ ಕೇಳಿಸಿತು, ತೆರೆ ಸರಿಯಿತು, ಅಕ್ಕ ಕೈ ಜೋಡಿಸಿದಳು. ಅಷ್ಟರಲ್ಲಿ ಪರದೆಯ ಕೆಳಭಾಗದಲ್ಲಿ, ಸರಿಯಾಗಿ ಸ್ವಾಮಿಯ ಪಾದದ ಮೇಲೆ, ಒಂದು ನೀಲಿ ಚೌಕ ಬಂದು ಕುಳಿತಿತು. “ಹೊಸ ಆವೃತ್ತಿ ಲಭ್ಯವಿದೆ. ಈಗಲೇ ಅಪ್‌ಡೇಟ್ ಮಾಡಬೇಕೆ?” ಎಂದು ಅದರಲ್ಲಿ ಬರೆದಿತ್ತು. ಕೆಳಗೆ ‘ಈಗಲೇ’, ‘ನಂತರ’ ಎಂದು ಎರಡು ಗುಂಡಿ.

“ಮುನಿಯಾ, ಏನೋ ಅದು? ಪಾದ ಎಲ್ಲಿ?”

“ತಾಳಕ್ಕಾ, ತೆಗೀತೀನಿ.”

ಗಾಬರಿಯಲ್ಲಿ ರಿಮೋಟಿನ ಯಾವುದೋ ಗುಂಡಿ ಒತ್ತಿದೆ. ಚೌಕದ ಜೊತೆಗೆ ಸ್ವಾಮಿಯೂ ಹೊರಟುಹೋಗಿ, ಆ ಜಾಗದಲ್ಲಿ ಒಬ್ಬಾಕೆ ಬಂದು ಪಾತ್ರೆ ತೊಳೆಯುವ ಸೋಪಿನ ಗುಣಗಾನ ಮಾಡತೊಡಗಿದಳು. ಮತ್ತೆ ದೇವಸ್ಥಾನವನ್ನು ಹುಡುಕಿ ತರುವಷ್ಟರಲ್ಲಿ ತೆರೆ ಬಿದ್ದಿತ್ತು. ಅಕ್ಕ ಹನ್ನೆರಡರವರೆಗೆ ಹಾಗೆಯೇ ಕುಳಿತಳು. ಹತ್ತು ಗಂಟೆಗೆಲ್ಲ ಆಕೆಗೆ ತಲೆ ಸುತ್ತುತ್ತಿತ್ತು.

ಸೊಸೆ ಪೂಜಿತಾ ಶೇಷಾದ್ರಿಪುರಂನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಸಂಜೆ ಬಂದು ವಿಷಯ ಕೇಳಿದವಳೇ ತನ್ನ ಫೋನನ್ನು ಮುಂದೆ ಹಿಡಿದಳು.

“ದೊಡ್ಡತ್ತೆ, ಬೆಳಗಿನ ಪೂಜೆ ಇಲ್ಲೇ ಇದೆ ನೋಡಿ. ಎಷ್ಟು ಸಲ ಬೇಕಾದ್ರೂ ನೋಡಬಹುದು.”

“ನಿನ್ನೆ ಊಟ ನೆನೆಸ್ಕೊಂಡ್ರೆ ಇವತ್ತು ಹೊಟ್ಟೆ ತುಂಬುತ್ತೇನೇ?”

“ಸರಿ, ನಾಳೆ ನೇರ ಪೂಜೇನೇ ಫೋನಲ್ಲಿ ಹಾಕ್ಕೊಡ್ತೀನಿ.”

“ಬಚ್ಚಲಿಗೂ ಹಿಡ್ಕೊಂಡು ಹೋಗ್ತೀರಲ್ಲ ಅದನ್ನ! ಅದರಲ್ಲಿ ದೇವರ್ನ ನೋಡ್ಲಾ?”

ಪೂಜಿತಾ ಫೋನನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಎರಡನೆಯ ದಿನವೂ ಚೌಕ ಬಂತು, ಅದೇ ಹೊತ್ತಿಗೆ, ಅದೇ ಜಾಗಕ್ಕೆ. ‘ನಂತರ’ ಒತ್ತಲು ಹೋಗಿ ನಾನು ಮತ್ತೆ ಸೋಪಿನವಳನ್ನೇ ಕರೆತಂದೆ. ಯಾವ ಯಂತ್ರಕ್ಕೂ ಒಂದು ಪುಸ್ತಕವಿರುತ್ತದೆ ಎಂಬ ನಂಬಿಕೆಯಲ್ಲಿ ಬೆಳೆದವನು ನಾನು. ಅವೆನ್ಯೂ ರಸ್ತೆಗೆ ಹೋಗಿ ನಾಲ್ಕು ಅಂಗಡಿಗಳಲ್ಲಿ ವಿಚಾರಿಸಿದೆ. ಕೊನೆಯ ಅಂಗಡಿಯವನು ಕನ್ನಡಕದ ಮೇಲಿಂದ ನನ್ನನ್ನು ನೋಡಿ, “ಯಜಮಾನ್ರೇ, ಈಗ ಟಿ.ವಿ. ಪುಸ್ತಕ ಟಿ.ವಿ. ಒಳಗೇ ಇರುತ್ತೆ,” ಎಂದ. ಬಾವಿಗೆ ಬಿದ್ದವನಿಗೆ ಹಗ್ಗ ಬಾವಿಯೊಳಗೇ ಇದೆ ಎಂದ ಹಾಗಾಯಿತು.

ಮೂರನೆಯ ದಿನ ಗೆದ್ದೆ ಎಂದುಕೊಂಡೆ. ಬಲಕ್ಕೆ ಒಂದು ಸಲ ಒತ್ತಿ, ನಡುವಿನ ಗುಂಡಿ ಒತ್ತಿದಾಗ ಚೌಕ ಮಾಯವಾಯಿತು. ಆದರೆ ಆ ವೇಳೆಗೆ ಆರತಿ ಮೇಲೇರಿ, ಕ್ಯಾಮೆರಾ ಸ್ವಾಮಿಯ ಮುಖಕ್ಕೆ ಹೋಗಿತ್ತು.

“ಮುಖ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಕ್ಕಾ,” ಎಂದೆ.

“ಪಾದ ಮುಟ್ಟದೆ ಸೀದಾ ಮುಖ ನೋಡೋಕೆ ಅವನೇನು ನನ್ನ ತಮ್ಮನೇನೋ?”

ಆ ದಿನವೂ ಹನ್ನೆರಡರವರೆಗೆ ಉಪವಾಸ. ಸಂಜೆ ಪೂಜಿತಾ ಕೈ ಕಟ್ಟಿ ನಿಂತಳು. “ದೊಡ್ಡತ್ತೆ, ಇನ್ಮೇಲೆ ಪಾದ ಕಂಡು ಕಾಫಿ ಕುಡಿಯೋವರೆಗೂ ಆ ಮಾತ್ರೆ ಬೇಡ, ಖಾಲಿ ಹೊಟ್ಟೇಲಿ ಸಕ್ಕರೆ ತೀರಾ ಇಳಿದುಬಿಡುತ್ತೆ. ಮಾವ, ಅಪ್‌ಡೇಟ್ ಮಾಡ್ಬಿಡಿ, ಅರ್ಧ ಗಂಟೆ ಕೆಲಸ. ಚೌಕ ತಾನಾಗಿ ಹೋಗುತ್ತೆ.”

“ಕೂಡದು,” ಎಂದಳು ಅಕ್ಕ. “ವರ್ಷ ತುಂಬೋವರೆಗೂ ಈ ಮನೆಗೆ ಹೊಸದು ಬರಬಾರದು.”

“ಹೊಸ ಟಿ.ವಿ. ಅಲ್ಲ ದೊಡ್ಡತ್ತೆ, ಇದೇ ಟಿ.ವಿ.ನೇ.”

“ಹಾಗಾದ್ರೆ ಹೊಸ ಆವೃತ್ತಿ ಅಂತ ಅದ್ಯಾಕೆ ದಿನಾ ಬಂದು ಹೇಳುತ್ತೆ? ನಂಗೆ ಓದೋಕ್ ಬರಲ್ಲ ಅಂದ್ಕೊಂಡ್ಯಾ?”

ಈ ವಿಷಯದಲ್ಲಿ ನಾನೂ ಅಕ್ಕನ ಪಕ್ಷವೇ. ಸತ್ತವರ ವರ್ಷ ಕಳೆಯುವ ಮುನ್ನ ನಮ್ಮಲ್ಲಿ ಹಬ್ಬವಿಲ್ಲ, ಹೊಸ ಬಟ್ಟೆಯಿಲ್ಲ. ಸಾಲದ್ದಕ್ಕೆ ಪಕ್ಕದ ಮನೆಯ ಲಕ್ಷ್ಮೀಶನ ಟಿ.ವಿ. ಕಳೆದ ವರ್ಷ ಅಪ್‌ಡೇಟ್ ಆದಾಗ ಇದ್ದದ್ದೆಲ್ಲ ಜಾಗ ಬದಲಾಯಿಸಿ, ಅವನ ಹೆಂಡತಿಗೆ ತನ್ನ ಧಾರಾವಾಹಿ ಮೂರು ದಿನ ಸಿಗಲಿಲ್ಲವಂತೆ. ಆ ಮೂರು ದಿನವೂ ಅವರ ಮನೆಯ ಸಾರಿಗೆ ಉಪ್ಪಿರಲಿಲ್ಲವೆಂದು ಲಕ್ಷ್ಮೀಶನೇ ಬೀದಿಗೆಲ್ಲ ಹೇಳಿದ್ದ. ನಮ್ಮ ದೇವಸ್ಥಾನವೂ ಹಾಗೆ ಕಳೆದುಹೋದರೆ ಏನು ಗತಿ?

“ಹಾಗಾದ್ರೆ ಈ ಸೂಚನೆ ಬರೋದನ್ನೇ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು,” ಎಂದಳು ಪೂಜಿತಾ. “ಎಲ್ಲಿದೆ ಅಂತ ಹುಡುಕ್ಬೇಕು. ಭಾನುವಾರ ನೋಡ್ತೀನಿ.”

ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು. ಅಕ್ಕ ನನ್ನ ಕಡೆ ತಿರುಗಿದಳು.

“ಪಾರು ಇದ್ದಾಗ ಈ ಕಾಟ ಇರ್ಲಿಲ್ಲ. ಅವಳು ಐದೂವರೆಗೇ ಹಾಕಿ ಟಿ.ವಿ. ಕಾಯಿಸೋಳು. ನೀನು ಕಾಯಿಸಲ್ಲ.”

“ಈಗಿನ ಟಿ.ವಿ. ಕಾಯಿಸೋ ಹಾಗಿಲ್ಲ ಅಕ್ಕ. ಅದು ನಮ್ಮ ಹಳೇ ಪೆಟ್ಟಿಗೆ ಕಾಲದ್ದು.”

“ನಾನೂ ಅವಳಿಗೆ ಅದನ್ನೇ ಅಂತಿದ್ದೆ. ‘ಕರೆಂಟ್ ದಂಡ, ಬೆಳಗಾಗೆದ್ದು ಟಿ.ವಿ. ಮುಂದೆ ಕೂರ್ತೀಯಲ್ಲೇ ಮಹಾರಾಣಿ’ ಅಂತ. ‘ಕಾಯಬೇಕು ಅತ್ತಿಗೆ, ಇಲ್ದಿದ್ರೆ ಚಿತ್ರ ಸರಿ ಬರಲ್ಲ’ ಅನ್ನೋಳು. ಈಗ ನೋಡು!”

ಆ ಹೊತ್ತಿನಲ್ಲಿ ನಾನು ಎಂದೂ ಮನೆಯಲ್ಲಿ ಇದ್ದವನಲ್ಲ. ಐದು ಗಂಟೆಗೆ ನಡೆಯಲು ಹೊರಟರೆ ಬಸವನಗುಡಿಯವರೆಗೆ ಹೋಗಿ ಹಿಂದಿರುಗುವಾಗ ಆರೂಕಾಲು. ಮಗ ಮನೋಹರನಿಗೆ ಮೆಟ್ರೋದಲ್ಲಿ ಬೆಳಗಿನ ಪಾಳಿ, ನಾಲ್ಕೂವರೆಗೇ ಮನೆ ಬಿಡುತ್ತಾನೆ. ಅವನನ್ನು ಕಳಿಸಿ ಮತ್ತೆ ಮಲಗುವ ಪೂಜಿತಾ ಏಳುವುದು ಆರರ ಮೇಲೆಯೇ. ಮೊಮ್ಮಕ್ಕಳಂತೂ ಏಳು ಗಂಟೆಗೆ ಮುಂಚೆ ಕಣ್ಣು ಬಿಟ್ಟವರಲ್ಲ. ಅಕ್ಕ ಒಳಕೋಣೆಯಲ್ಲಿ ಮಲಗಿದ್ದು, ಸದ್ದು ಕೇಳಿಸಿಕೊಂಡು ಬೈಯುವವಳು.

ಮರುದಿನ ಅಕ್ಕನ ಬಾಯಿ ಮುಚ್ಚಿಸೋಣವೆಂದು ನಡೆಯಲು ಹೋಗದೆ, ಐದೂವರೆಗೆ ಟಿ.ವಿ. ಹಾಕಿ ಪಾರುವಿನ ಕುರ್ಚಿಯಲ್ಲಿ ಕುಳಿತೆ. ಐದು ನಿಮಿಷವಾಯಿತು. ನೀಲಿ ಚೌಕ ಬಂತು. ಬಲಕ್ಕೆ ಒಂದು ಸಲ ಒತ್ತಿ, ‘ನಂತರ’ ಒತ್ತಿದೆ. ಹೋಯಿತು. ಆರೂ ನಲವತ್ತಕ್ಕೆ ತೆರೆ ಸರಿದಾಗ ಪರದೆಯ ಮೇಲೆ ಅಡ್ಡವೇನೂ ಬರಲಿಲ್ಲ. ತುಳಸಿ, ಬೆಳ್ಳಿಯ ಕವಚ, ಆರತಿಯ ಬೆಳಕಲ್ಲಿ ಎರಡು ಪಾದ.

“ನೋಡ್ದ್ಯಾ? ಕಾಯಿಸಿದ್ಮೇಲೆ ಸರಿ ಹೋಯ್ತು,” ಎಂದು ಅಕ್ಕ ಗೆಲುವಿನಿಂದ ಕಾಫಿಗೆ ಕೈ ಚಾಚಿದಳು.

ಆಗಲೇ ನನಗೆ ಹೊಳೆದದ್ದು. ಚೌಕ ಬರುವುದು ಟಿ.ವಿ. ಹಾಕಿದ ಐದು ನಿಮಿಷಕ್ಕೆ. ಒಮ್ಮೆ ‘ನಂತರ’ ಎಂದರೆ ಆ ದಿನಕ್ಕೆ ಮತ್ತೆ ತಲೆ ಹಾಕುವುದಿಲ್ಲ. ಅದು ಯಾವ ಕಾಲದಿಂದ ಬರುತ್ತಿತ್ತೋ, ಪಾರು ಎಷ್ಟು ನೂರು ಬೆಳಗು ಒಬ್ಬಳೇ ಎದ್ದು ಕುಳಿತು ಅದನ್ನು ದೂರ ಕಳಿಸಿದ್ದಳೋ, ನಮ್ಮಲ್ಲಿ ಯಾರಿಗೂ ಅದರ ಸುಳಿವೇ ಇರಲಿಲ್ಲ. ಯಂತ್ರದ ಗೋಜಲನ್ನು ಅಕ್ಕನಿಗೆ ವಿವರಿಸುವುದಕ್ಕಿಂತ ‘ಕಾಯಿಸುತ್ತಿದ್ದೇನೆ’ ಎಂದು ಬೈಸಿಕೊಳ್ಳುವುದೇ ಸುಲಭವೆಂದು ಅವಳಿಗೆ ಕಂಡಿರಬೇಕು.

ಭಾನುವಾರ ಪೂಜಿತಾ ರಿಮೋಟ್ ಹಿಡಿದು ಬಂದಾಗ, “ಬೇಡಮ್ಮ, ಈಗ ಸರಿ ಹೋಗಿದೆ,” ಎಂದುಬಿಟ್ಟೆ. ಆ ಕೆಲಸವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಬೆಳಗಿನ ಆ ಐದು ನಿಮಿಷ ಪಾರುವಿನ ಕುರ್ಚಿಯಲ್ಲಿ ಕುಳಿತು, ಪಾರು ಕಾದದ್ದಕ್ಕೇ ಕಾದು, ಪಾರು ಒತ್ತಿದ್ದನ್ನೇ ಒತ್ತುವುದರಲ್ಲಿ ನನಗೊಂದು ಸಮಾಧಾನ ಸಿಕ್ಕಿತ್ತು. ಹನ್ನೊಂದು ದಿನ ಹೀಗೆ ನಡೆಯಿತು. ಅಕ್ಕನೂ ಧೈರ್ಯ ತಂದುಕೊಂಡು ಮಾತ್ರೆಯನ್ನು ಮತ್ತೆ ಆರೂವರೆಗೇ ನುಂಗತೊಡಗಿದಳು.

ಹನ್ನೆರಡನೆಯ ದಿನ ನನಗೆ ಎಚ್ಚರವಾಗಲಿಲ್ಲ. ಹಿಂದಿನ ರಾತ್ರಿ ಕೆಮ್ಮಿಗೆ ಕುಡಿದ ಔಷಧಿ ನನ್ನನ್ನು ಗಾಢವಾಗಿ ಮಲಗಿಸಿತ್ತು. ಎದ್ದು ಬಂದಾಗ ಅಕ್ಕ ಆಗಲೇ ಕುರ್ಚಿಯಲ್ಲಿದ್ದಳು, ಮಾತ್ರೆ ಹೊಟ್ಟೆಯಲ್ಲಿತ್ತು, ಗಡಿಯಾರದಲ್ಲಿ ಆರೂ ಮೂವತ್ತಾರು. ಟಿ.ವಿ. ಹಾಕಿದೆ. ತೆರೆ ಸರಿಯಿತು, ಚೌಕ ಬಂತು, ಬೆರಳು ತಪ್ಪು ಗುಂಡಿಗೆ ಹೋಯಿತು, ಸೋಪಿನವಳು ನಗುತ್ತ ಪ್ರತ್ಯಕ್ಷಳಾದಳು.

“ಹೋಗಲಿ ಬಿಡು, ಹನ್ನೆರಡಕ್ಕೆ ನೋಡ್ತೀನಿ,” ಎಂದಳು ಅಕ್ಕ. ಎಂದೂ ಬೈಯದೆ ಬಿಡದವಳು ಅಂದು ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

ಎಂಟೂವರೆಗೆ ಆಕೆಯ ಹಣೆಯಲ್ಲಿ ಬೆವರೊಡೆಯಿತು. ಕೈ ತಣ್ಣಗಾಗಿ ಮಾತು ತೊದಲಿತು. ಕಾಲೇಜಿಗೆ ಹೊರಟಿದ್ದ ಪೂಜಿತಾ ಚೀಲ ಬಿಸಾಡಿ ಸಕ್ಕರೆ ನೀರು ಕಲಸಿ ತಂದಳು. ಅಕ್ಕ ಹಲ್ಲು ಕಚ್ಚಿದಳು.

“ದೊಡ್ಡತ್ತೆ, ತೀರ್ಥಕ್ಕೆ ದೋಷ ಇಲ್ಲ ಅಂತ ನೀವೇ ತಾನೆ ಹೇಳಿದ್ದು?”

ಅಕ್ಕ ಕಷ್ಟಪಟ್ಟು ಹೂಂ ಎಂದಳು.

“ದೇವರ ಮನೆಯ ತೀರ್ಥಕ್ಕೇ ಸಕ್ಕರೆ ಹಾಕಿದೀನಿ. ಬಾಯಿ ತೆಗೀರಿ.”

ಅಕ್ಕ ಒಂದು ಕ್ಷಣ ಯೋಚಿಸಿ, ಬಾಯಿ ತೆರೆದಳು. ಕಾಲು ಗಂಟೆಯಲ್ಲಿ ಬಣ್ಣ ಬಂತು, ಮಾತೂ ಬಂತು. “ಅಷ್ಟೊಂದು ಸಿಹಿ ತೀರ್ಥ ಯಾವ ದೇವಸ್ಥಾನದಲ್ಲಿ ಕೊಡ್ತಾರೇ?” ಎಂದಳು. ಪೂಜಿತಾ ನಗುತ್ತ ಕಣ್ಣೊರೆಸಿಕೊಂಡಳು.

ಅಡಿಗೆಮನೆಗೆ ಹೋಗಿ ನಾನು ಸೊಸೆಗೆ ಎಲ್ಲವನ್ನೂ ಹೇಳಿದೆ. ಪಾರು ಏನು ಮಾಡುತ್ತಿದ್ದಳು, ನಾನು ಭಾನುವಾರ ಯಾಕೆ ಬೇಡವೆಂದೆ, ಎರಡನ್ನೂ.

“ನನ್ನ ಸಮಾಧಾನಕ್ಕೆ ಅಕ್ಕನ ಜೀವ ಅಡ ಇಟ್ಟೆನಮ್ಮ.”

“ಅತ್ತೆಗೆ ಬೇಕಾಗಿದ್ದು ದೊಡ್ಡತ್ತೆ ಹೊಟ್ಟೆ ತುಂಬೋದು, ಮಾವ. ಗುಂಡಿ ಒತ್ತೋದಲ್ಲ. ಬನ್ನಿ,” ಎಂದು ರಿಮೋಟನ್ನು ನನ್ನ ಕೈಗೇ ಕೊಟ್ಟಳು.

ಅಂಗಡಿಯವನು ಹೇಳಿದ ಪುಸ್ತಕ ನಿಜವಾಗಿಯೂ ಒಳಗಿತ್ತು. ಆಕೆ ಹೇಳುತ್ತ ಹೋದಳು, ನಾನು ಒತ್ತುತ್ತ ಹೋದೆ. ಮೊದಲು ಸೆಟ್ಟಿಂಗ್ಸ್, ಅದರ ತಳದಲ್ಲಿ ಸಿಸ್ಟಮ್, ಅದರೊಳಗೆ ಸಾಫ್ಟ್‌ವೇರ್. ‘ತಾನಾಗಿ ಅಪ್‌ಡೇಟ್ ಆಗಲಿ’ ಎಂಬುದರ ಎದುರಿಗೆ ಒಂದು ಹಸಿರು ಬೊಟ್ಟು, ‘ಸೂಚನೆ ತೋರಿಸು’ ಎಂಬುದರ ಎದುರಿಗೆ ಇನ್ನೊಂದು. ಎರಡೂ ಬೂದಿ ಬಣ್ಣಕ್ಕೆ ತಿರುಗಿದವು. ಮೂರು ನಿಮಿಷದ ಕೆಲಸ. ಎರಡನೆಯದನ್ನು ಒತ್ತುವಾಗ ಬೆರಳು ಸ್ವಲ್ಪ ನಿಂತಿತು. ಪೂಜಿತಾ ಅವಸರ ಮಾಡಲಿಲ್ಲ.

“ವರ್ಷ ಕಳೆದ್ಮೇಲೆ ಒಂದು ಒಳ್ಳೆ ದಿನ ನೋಡಿ ಅಪ್‌ಡೇಟ್ ಮಾಡೋಣ,” ಎಂದಳು. “ಪೂರ್ತಿ ಹಾಗೇ ಬಿಡೋದೂ ಒಳ್ಳೇದಲ್ಲ.”

ಮರುದಿನ ಆರೂ ಮೂವತ್ತೈದಕ್ಕೆ ಟಿ.ವಿ. ಹಾಕಿದೆವು. ಪೂಜಿತಾ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು. ತೆರೆ ಸರಿಯಿತು. ನಾನು ಸ್ವಾಮಿಯನ್ನು ನೋಡಲಿಲ್ಲ, ಪರದೆಯ ಕೆಳಗಿನ ಅಂಚನ್ನೇ ನೋಡುತ್ತಿದ್ದೆ. ಏನೂ ಬರಲಿಲ್ಲ. ಆರತಿ ಪಾದದಿಂದ ಮೇಲೇರಿತು, ಮುಖ ಮುಟ್ಟಿತು, ತೆರೆ ಬಿತ್ತು. ಅಕ್ಕ ಎರಡು ಕೈಯನ್ನೂ ಕಣ್ಣಿಗೊತ್ತಿಕೊಂಡಳು.

“ಮೂರು ನಿಮಿಷದಲ್ಲಿ ಮುಗಿಯೋ ಕೆಲಸಕ್ಕೆ ಪಾರು ಅಷ್ಟು ದಿನ ಕರೆಂಟ್ ಸುಟ್ಳು ನೋಡು,” ಎಂದಳು.

ಅದನ್ನು ಕೇಳಿ ಸುಮ್ಮನಿರಲಾಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದೆ. ಚೌಕ ಈಗ ಬಂದದ್ದಲ್ಲ, ಪಾರು ಇದ್ದಾಗಲೂ ಬರುತ್ತಿತ್ತು, ನಿನ್ನ ಕಣ್ಣಿಗೆ ಬೀಳದ ಹಾಗೆ ಅವಳು ಮೊದಲೇ ಎದ್ದು ಕಳಿಸಿಬಿಡುತ್ತಿದ್ದಳು ಎಂದೆ. ಅಕ್ಕ ನನ್ನ ಕಡೆ ತಿರುಗಿದಳು.

“ಅವಳು ಕಾಫಿ ಯಾವಾಗ ಕುಡೀತಿದ್ಲೋ?”

“ನಿನ್ನ ಜೊತೆಗೇ.”

“ಐದೂವರೆಗೆ ಎದ್ದೋಳು, ಅದಕ್ಕೆ ಮುಂಚೆ?”

“ಏನೂ ಇಲ್ಲ. ನಾನು ವಾಕಿಂಗ್‌ನಿಂದ ಬಂದಾಗ ಹಾಲು ಕೂಡ ಇಟ್ಟಿರ್ತಿರ್ಲಿಲ್ಲ.”

“ಅಂದ್ರೆ ನನ್ನ ವ್ರತಾನ ಅವಳೂ ಹಿಡಿದಿದ್ಲು. ಮೂರು ವರ್ಷ. ಒಂದು ಮಾತು ಹೇಳ್ಲಿಲ್ಲ, ಕಳ್ಳಿ.” ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡು ನನ್ನನ್ನು ನೋಡಿದಳು. “ನಿಂದು ಕಾಫಿ ಆಯ್ತಾ?”

“ಇನ್ನೂ ಇಲ್ಲ.”

“ಎಷ್ಟು ದಿನದಿಂದ?”

“ಅವಳ ಕುರ್ಚೀಲಿ ಕೂತಾಗಿಂದ.”

“ಪೂಜಿತಾ, ಆ ಲೋಟ ಮೊದಲು ನಿಮ್ಮ ಮಾವನಿಗೆ ಕೊಡೇ. ನಾಳೆಯಿಂದ ಎದ್ದ ಕೂಡ್ಲೆ ಕೊಡು, ನಂಗೋಸ್ಕರ ಕಾಯಬೇಡ. ಈ ಮನೆಗೆ ಒಬ್ಬರ ವ್ರತ ಸಾಕು.”

ಪೂಜಿತಾ ಲೋಟವನ್ನು ನನ್ನ ಕೈಗಿಟ್ಟು ಇನ್ನೊಂದು ತರಲು ಒಳಗೆ ಹೋದಳು. ನಾನು ಒಂದು ಗುಟುಕು ಕುಡಿಯುವವರೆಗೂ ಅಕ್ಕ ನೋಡುತ್ತಲೇ ಇದ್ದಳು. ನಾನು ಕುಡಿದೆ.