ಬಿದಿರ ಕೊಳವೆಯ ಈಚೆ

ಮಸ್ಕಿಯ ಗಂಜಿಮನೆಯಲ್ಲಿ ಕಸ್ತೂರೆಮ್ಮನಿಗೆ ಇದ್ದದ್ದು ಒಂದೇ ಕೆಲಸ. ಗಂಜಿ ಕುಡಿದು ಬಂದವರ ಬೊಗಸೆಗೆ ಎತ್ತರದಿಂದ ನೀರು ಹಾಕುವುದು. ಅವಳ ಕೈನೀರು ಎಲ್ಲ ಜಾತಿಯವರಿಗೂ ನಡೆಯುತ್ತಿತ್ತು. ಮಳೆ ಹೋದ ಆ ವರ್ಷ ಗಂಜಿಮನೆ ತೆರೆದ ನಿಜಾಮ ಸರ್ಕಾರ ಅದಕ್ಕೇ ಅವಳನ್ನು ಇಟ್ಟುಕೊಂಡಿತ್ತು.

ಸಣ್ಣವಳಿದ್ದಾಗಲೇ ಗಂಡ ಸತ್ತಿದ್ದ. ಅಣ್ಣನ ಮನೆಯಲ್ಲಿ ಅವಳಿಗೆ ಒಂದು ಮೂಲೆ ಇತ್ತು, ಮಾತಿರಲಿಲ್ಲ. ಬೆಳಿಗ್ಗೆ ಬೀದಿಗೆ ಬಂದರೆ ಜನ ಮುಖ ತಿರುಗಿಸುತ್ತಿದ್ದರು. ಇಲ್ಲಿ ಮಾತ್ರ ಅದೇ ಜನ ಬಾಗಿ ಕುಡಿದು, ಸಾಕಾದಾಗ ತಲೆಯೆತ್ತಿ ಅವಳ ಮುಖ ನೋಡಲೇಬೇಕಿತ್ತು. ನೋಡದವರಿಗೆ ಅವಳು ನೀರು ನಿಲ್ಲಿಸುತ್ತಲೇ ಇರಲಿಲ್ಲ, ಅವರ ಬಟ್ಟೆ ತೊಯ್ದರೂ ಸರಿ. “ಸಾಕೇನು?” ಎಂದು ಕೇಳುತ್ತ ಹಾಕುತ್ತಲೇ ಇರುತ್ತಿದ್ದಳು.

ಊರಾಚೆಯ ಹೊಲೆಯರ ಕೇರಿಯ ಮುದುಕಿ ಪೀರಮ್ಮನಿಗೂ ಹಿಂದುಮುಂದು ಯಾರಿರಲಿಲ್ಲ. ನೀರು ಕುಡಿದ ಮೇಲೆ ಅವಳು ದೂರ ಸರಿದು ನಿಂತು, ಉಂಡಿರೇನು ಎಂದು ದಿನಾ ಕೇಳುತ್ತಿದ್ದಳು. ಕಸ್ತೂರೆಮ್ಮ ಉಣ್ಣದಿದ್ದರೂ ಉಂಡೆನೆಂದು ಹೇಳುತ್ತಿದ್ದಳು. ಆ ಒಂದು ಪ್ರಶ್ನೆಗಾಗಿಯೇ ಅವಳು ಎಲ್ಲರಿಗಿಂತ ಮೊದಲು ಕೆಲಸಕ್ಕೆ ಬರುತ್ತಿದ್ದಳು.

ಊರಲ್ಲಿ ಕಾಲರಾ ಬೇನೆ ಸುಳಿದಾಡುತ್ತಿದ್ದ ದಿನಗಳಲ್ಲೇ ಲಿಂಗಸುಗೂರಿನ ಕಚೇರಿಯಿಂದ ದಸ್ತಗೀರ್‌ಸಾಬ್ ಬಂದರು. ಗಂಜಿಮನೆಯಲ್ಲಿ ಯಾರ ಕೆಲಸ ಯಾವುದು, ಯಾವುದು ಬೇಕು, ಯಾವುದು ಬೇಡ ಎಂದು ಗೊತ್ತುಮಾಡಲು ಬಂದ ಅಧಿಕಾರಿ. ಹೈದರಾಬಾದಿನಲ್ಲೇ ಹುಟ್ಟಿ ಬೆಳೆದವರು. ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು. ಬೇಯಿಸುವವರು, ಬಡಿಸುವವರು, ಕಾಳು ಹಸನು ಮಾಡುವವರು ಎಂದು ಅವರು ಆಳುಗಳನ್ನು ವಿಂಗಡಿಸಿದರು. ನೀರು ಹಾಕುವವಳು ಯಾವುದರಲ್ಲೂ ಕೂಡಲಿಲ್ಲ. ದೇವರು ಕೈ ಕೊಟ್ಟಿರುವಾಗ ಮಂದಿ ತಾವೇ ತಗೊಂಡು ಕುಡಿಯಲಿ ಎಂದು ಬಾಗಿಲಲ್ಲಿ ಹಂಡೆ, ಚೊಂಬು ಇಡಿಸಿದರು. ಕಸ್ತೂರೆಮ್ಮನನ್ನು ಅದೇ ಪಗಾರದ ಮೇಲೆ ಉಗ್ರಾಣದಲ್ಲಿ ಜೋಳ ಹಸನು ಮಾಡಲು ಕೂರಿಸಿದರು. ನೆರಳಲ್ಲಿ ಕೂತು ಮಾಡುವ ಕೆಲಸ ಕೊಟ್ಟೆನೆಂದು ಅವರಿಗೆ ಸಂತೋಷವೂ ಆಯಿತು.

ಮರುದಿನ ಹಂಡೆಯನ್ನು ಯಾರೂ ಮುಟ್ಟಲಿಲ್ಲ. ಕೇರಿಯವರು ಮುಟ್ಟಲು ಅಂಜಿದರು. ಕೇರಿಯವರು ಮುಟ್ಟಿರಬಹುದೆಂದು ಉಳಿದವರು ಅಂಜಿದರು. ತುಂಬಿದ ಹಂಡೆಯ ಮುಂದೆ ಜನವೆಲ್ಲ ಒಣಗಿದ ಬಾಯಿಯಲ್ಲಿ ನಿಂತಿತು. ನಮ್ಮ ಜನಕ್ಕೆ ಏನು ಹೇಳುವುದು!

ಸುದ್ದಿ ಉಗ್ರಾಣಕ್ಕೂ ಬಂತು. ಇನ್ನು ತನ್ನನ್ನು ಕರೆಯದೆ ಗತಿಯಿಲ್ಲ ಎಂದು ಕಸ್ತೂರೆಮ್ಮ ಮೊರ ಬದಿಗಿಟ್ಟು, ಸೆರಗು ಸರಿಮಾಡಿಕೊಂಡು ಕಾದಳು. ಕರೆಯಲು ಯಾರೂ ಬರಲಿಲ್ಲ. ಉಗ್ರಾಣದ ಗೋಡೆಗೆ ತೂತು ಹೊಡೆಯುವ ಸದ್ದು ಬಂತು.

ಸಾಹೇಬರು ತೂತಿಗೆ ಬಿದಿರಿನ ಕೊಳವೆ ಹಾಕಿಸಿದರು. ಹೊರಗಿನವರು ತಂತಮ್ಮ ಕೋಲಿನಿಂದ ಕೊಳವೆಗೆ ಒಮ್ಮೆ ಬಡಿದರೆ ಇವಳು ನೀರು ಬಿಡಬೇಕು, ಎರಡು ಸಲ ಬಡಿದರೆ ನಿಲ್ಲಿಸಬೇಕು. ಕೈನೀರು ನಡೆಯುವವರೇ ಒಳಗಿದ್ದಾರೆ ಎಂದಷ್ಟೇ ಹೊರಗಿನವರಿಗೆ ಹೇಳಿಸಿದರು. ನಡುವೆ ಜೋಳ ಹಸನು ಮಾಡಬಹುದು. ಒಬ್ಬಳಿಂದ ಎರಡು ಕೆಲಸ. ಸಾಲು ಬೇಗ ಬೇಗ ಸರಿಯತೊಡಗಿತು, ಸಾಹೇಬರು ಖುಷಿಯಾಗಿ ಲಿಂಗಸುಗೂರಿಗೆ ಹೊರಟುಹೋದರು.

ಗೋಡೆ ದಪ್ಪ ಇತ್ತು. ಆಚೆಯ ಮಾತು ಈಚೆ ಬರುತ್ತಿರಲಿಲ್ಲ. ಯಾರ ಬಾಯಿಗೆ ನೀರು ಬಿತ್ತೋ, ಪೀರಮ್ಮ ಬಂದು ಹೋದಳೋ ಇಲ್ಲವೋ ಕಸ್ತೂರೆಮ್ಮನಿಗೆ ತಿಳಿಯುತ್ತಿರಲಿಲ್ಲ. ತಾನು ಇದ್ದೂ ಇಲ್ಲದಂತಾದೆ ಅನಿಸಿ ಅವಳಿಗೆ ಜೋಳದ ರಾಶಿಯ ಮುಂದೆ ಅಳು ಬರುತ್ತಿತ್ತು.

ಒಂದು ಮಧ್ಯಾಹ್ನ ಬಡಿತ ಕೇಳಿ ನೀರು ಬಿಟ್ಟಳು. ನಿಲ್ಲಿಸೆಂಬ ಬಡಿತ ಬರಲೇ ಇಲ್ಲ. ಕೊಡವೇ ಖಾಲಿಯಾಯಿತು. ಹಳೆಯ ರೂಢಿಯಂತೆ ಕೊಳವೆಗೆ ಬಾಯಿಟ್ಟು ಕೇಳಿದಳು.

“ಸಾಕೇನು?”

ಬಿದಿರಿನೊಳಗಿಂದ ಪೀರಮ್ಮನ ದನಿ ಬಂತು.

“ಯವ್ವಾ, ನೀವಾ? ಬ್ಯಾನ್ಯಾಗ ಸತ್ತೀರಿ ಅಂತ ತಿಳದು ಅತ್ತೀನಲ್ರೀ ನಾ.”

ತನಗಾಗಿ ಒಬ್ಬರು ಅತ್ತಿದ್ದಾರೆ. ಇದು ಕಸ್ತೂರೆಮ್ಮನಿಗೆ ಜನ್ಮದಲ್ಲೇ ಹೊಸದು. ಉತ್ತರ ಕೊಡಲು ಅವಳು ಮತ್ತೆ ಕೊಳವೆಯತ್ತ ಬಾಗಿದಳು. ಅಷ್ಟರಲ್ಲಿ ಅದರ ಮೇಲೆ ಜೋರಾಗಿ ಎರಡು ಏಟು ಬಿದ್ದವು. ಹಿಂದೆ ನಿಂತವರು ಪೀರಮ್ಮನನ್ನು ಗದರಿಸಿ ಸರಿಸಿದ್ದರು.

ಮತ್ತೆ ಒಂದು ಬಡಿತ ಬಂತು. ಆಚೆ ನಿಂತವರು ಯಾರೋ, ಏನೋ. ಕಸ್ತೂರೆಮ್ಮ ನೀರೆತ್ತುವ ಮೊದಲು ಕೊಳವೆಗೆ ಬಾಯಿಟ್ಟಳು.

“ಅದೀನಿ,” ಎಂದಳು.

ಆಮೇಲೆ ನೀರು ಬಿಟ್ಟಳು. ಅಂದಿನಿಂದ ಪ್ರತಿ ಬಡಿತಕ್ಕೂ ಹಾಗೆಯೇ ಮಾಡಿದಳು.